ಲೋಟದೊಳಗೆ ನೀರು ಏಕೆ ಏರಿತು?

ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಅದರ ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಸ್ವಲ್ಪ ಹೊತ್ತಿಗೆ ಬತ್ತಿ ಆರುತ್ತದೆ, ನೀರು ಲೋಟದೊಳಕ್ಕೆ ಏರುತ್ತದೆ. ನಮ್ಮಲ್ಲಿ ಬಹಳಷ್ಟು ಜನ ಶಾಲೆಯಲ್ಲಿ ಇದನ್ನು ನೋಡಿದವರೇ. ‘ಉರಿಯಲು ಆಮ್ಲಜನಕ ಖರ್ಚಾಯಿತು, ಖಾಲಿಯಾದ ಜಾಗಕ್ಕೆ ನೀರು ಬಂತು, ಆದ್ದರಿಂದ ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕ’ ಎಂಬ ವಿವರಣೆಯೂ ಬಾಯಿಪಾಠ. ನಾನು ಊರಿನಲ್ಲಿ ಹಾಗೇ ಕಲಿತೆ. ಮುಂಬಯಿಗೆ ಬಂದು ಮೇಷ್ಟ್ರಾದ ಮೇಲೆ ವರ್ಷಗಟ್ಟಲೆ ಹಾಗೇ ಕಲಿಸಿದೆ.

ಒಂದು ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ಆಮ್ಲಜನಕ ಖರ್ಚಾಗೋದು ಬತ್ತಿ ಉರಿಯುವಾಗ ಅಲ್ವಾ? ಮತ್ತೆ ನೀರು ಯಾಕೆ ಬತ್ತಿ ಆರಿದ ಮೇಲೆ ಏರ್ತು?”

ನನಗೆ ಪಾಠ ಮುಗಿಸುವ ಅವಸರ. “ಸ್ವಲ್ಪ ತಡ ಆಗತ್ತೆ ಅಷ್ಟೇ, ಕೂತ್ಕೋ” ಎಂದೆ. ಕೂತಳು. ಆ ವಾರವೆಲ್ಲ ಅವಳು ಮತ್ತೆ ಬಾಯಿ ಬಿಡಲಿಲ್ಲ. ಅದೇ ನನ್ನನ್ನು ಕೊರೆಯತೊಡಗಿತು.

ಭಾನುವಾರ ಅಡುಗೆಮನೆಯಲ್ಲಿ ನಾನೇ ಮಾಡಿ ನೋಡಿದೆ. ಮೊದಲು ಒಂದು ಬತ್ತಿ, ಆಮೇಲೆ ಅದೇ ಲೋಟದಡಿ ಮೂರು. ಲೋಟ ಅದೇ, ಒಳಗಿನ ಆಮ್ಲಜನಕವೂ ಅಷ್ಟೇ. ನನ್ನ ವಿವರಣೆ ಸರಿಯಾಗಿದ್ದರೆ ನೀರು ಎರಡು ಸಲವೂ ಒಂದೇ ಮಟ್ಟಕ್ಕೆ ಏರಬೇಕಿತ್ತು. ಮೂರು ಬತ್ತಿ ಇಟ್ಟಾಗ ಎದ್ದುಕಾಣುವಷ್ಟು ಹೆಚ್ಚು ಏರಿತು. ಲೋಟ ಬೋರಲು ಹಾಕುವಾಗ ಅಂಚಿನಿಂದ ಗುಳ್ಳೆಗಳು ಹೊರಬಂದದ್ದನ್ನೂ ಅಂದೇ ಮೊದಲು ಗಮನಿಸಿದೆ.

ನಡೆಯುವುದು ಇಷ್ಟು. ಜ್ವಾಲೆಯ ಬಿಸಿಗೆ ಗಾಳಿ ಹಿಗ್ಗಿ, ಒಂದಷ್ಟು ಹೊರಗೆ ಹೋಗುತ್ತದೆ. ಬತ್ತಿ ಆರಿದಾಗ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ. ಆಮ್ಲಜನಕ ಖರ್ಚಾಗುವುದು ನಿಜ, ಆದರೆ ಅದರ ಬದಲಿಗೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಬಹುಪಾಲು ಜಾಗ ತುಂಬುತ್ತದೆ. ಸಾಲದ್ದಕ್ಕೆ, ಆಮ್ಲಜನಕ ಪೂರ್ತಿ ಮುಗಿಯುವ ಮೊದಲೇ ಬತ್ತಿ ಆರಿಬಿಡುತ್ತದೆ.

ಸೋಮವಾರ ತರಗತಿಯಲ್ಲಿ, “ನಾನು ಹೇಳಿದ್ದು ತಪ್ಪು, ಇವಳು ಕೇಳಿದ್ದು ಸರಿ” ಎಂದೆ. ಮೂರು ಬತ್ತಿ ಇಟ್ಟರೆ ಏನಾಗಬಹುದೆಂದು ಎಲ್ಲರೂ ಮೊದಲು ಪುಸ್ತಕದಲ್ಲಿ ಬರೆಯಬೇಕು, ಆಮೇಲೆ ಪ್ರಯೋಗ. ಹೆಚ್ಚಿನವರು ‘ಅಷ್ಟೇ ಏರುತ್ತದೆ’ ಎಂದು ಬರೆದಿದ್ದರು. ಬತ್ತಿಗಳನ್ನು ಹಚ್ಚಿದ್ದು ಅವಳೇ. ಅಂದಿನಿಂದ ಊಹೆ ಬರೆಯದೆ ಯಾವ ಪ್ರಯೋಗಕ್ಕೂ ಕೈ ಹಾಕಿಸುವುದಿಲ್ಲ. ಊಹೆ ಬರೆದ ಮಗು ಕಣ್ಣು ಬಿಟ್ಟು ನೋಡುತ್ತದೆ, ಬರೆಯದ ಮಗು ಮೇಷ್ಟ್ರ ಉತ್ತರಕ್ಕೆ ಕಾಯುತ್ತದೆ.

ಹಾಗಾದರೆ ಐದನೇ ಒಂದು ಭಾಗವನ್ನು ತೋರಿಸುವುದು ಹೇಗೆ? ತುಕ್ಕಿನಿಂದ. ತುಕ್ಕು ಹಿಡಿಯುವಾಗ ಕಬ್ಬಿಣ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ, ಬದಲಿಗೆ ಬೇರೆ ಅನಿಲ ಬಿಡುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಿಂದ ಸಣ್ಣ ಎಳೆಯ ಸ್ಟೀಲ್ ವೂಲ್ ತನ್ನಿ. ಪಾತ್ರೆ ತಿಕ್ಕುವ ಹೊಳೆಯುವ ಸ್ಕ್ರಬ್ಬರ್ ಆಗದು, ಅದು ಸ್ಟೇನ್‌ಲೆಸ್, ತುಕ್ಕು ಹಿಡಿಯದು. ಸೋಪು ಹಾಕಿ ಎಣ್ಣೆ ತೆಗೆದು, ಕೆಲವು ನಿಮಿಷ ವಿನೆಗರ್‌ನಲ್ಲಿ ಅದ್ದಿ, ನೀರಿನಲ್ಲಿ ಜಾಲಿಸಿ, ಕೊಡವಿ, ಪ್ರನಾಳದ ತಳಕ್ಕೆ ಸಡಿಲವಾಗಿ ತುರುಕಿ. ಪ್ರನಾಳವನ್ನು ನೀರಿನ ಲೋಟದಲ್ಲಿ ಬೋರಲು ನಿಲ್ಲಿಸಿ. ಪಕ್ಕದಲ್ಲಿ ಇನ್ನೊಂದು ಖಾಲಿ ಪ್ರನಾಳವನ್ನೂ ಹಾಗೇ ನಿಲ್ಲಿಸಿ, ಹೋಲಿಕೆಗೆ. ಒಂದೆರಡು ದಿನ ಬಿಡಿ. 15 ಸೆಂಟಿಮೀಟರ್ ಉದ್ದದ ಪ್ರನಾಳದಲ್ಲಿ ನೀರು ಸುಮಾರು 3 ಸೆಂಟಿಮೀಟರ್ ಏರಿ ನಿಲ್ಲುತ್ತದೆ. ಖಾಲಿ ಪ್ರನಾಳದಲ್ಲಿ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ.

ಎರಡೂ ಪ್ರಯೋಗಗಳನ್ನು ನಿಮ್ಮ ಫ್ಲಾಟಿನ ಅಡುಗೆಮನೆಯಲ್ಲಿ ಮಾಡಬಹುದು. ಲೋಟದ ಅಂಚಿನಡಿ ಎರಡು ನಾಣ್ಯ ಇಟ್ಟರೆ ನೀರು ಸರಾಗವಾಗಿ ಒಳಹೋಗುತ್ತದೆ. ಬತ್ತಿ ಹಚ್ಚುವಾಗ ಮಕ್ಕಳ ಪಕ್ಕದಲ್ಲೇ ಇರಿ, ಕೂದಲು ಕಟ್ಟಿಸಿ. ಉತ್ತರ ಮಾತ್ರ ಮೊದಲೇ ಹೇಳಬೇಡಿ.

ಎರಡು ದಿನ ಬಿಟ್ಟು ಆ ಹುಡುಗಿ ಸ್ಕೇಲು ಹಿಡಿದು ಪ್ರನಾಳ ಅಳೆದಳು. “ಸರ್, 3 ಇಲ್ಲ, 2.7 ಇದೆ. ಇನ್ನುಳಿದದ್ದು ಎಲ್ಲಿ ಹೋಯ್ತು?”

ಸ್ಟೀಲ್ ವೂಲ್ ಕೂಡ ಜಾಗ ಹಿಡಿದಿದೆಯೇ, ತುಕ್ಕು ಇನ್ನೂ ಮುಗಿದಿಲ್ಲವೇ, ಅಳತೆಯೇ ತಪ್ಪಿತೇ? ಈ ಸಲ “ಕೂತ್ಕೋ” ಎನ್ನಲಿಲ್ಲ. ಸ್ಟೂಲು ಎಳೆದುಕೊಂಡು ನಾನೂ ಅವಳ ಪಕ್ಕ ಕೂತೆ.