ಸ್ವಭಾವದ ಮಾತು ಸಾಕು, ಸಾಕ್ಷಿಯ ಮಾತಾಡಿ

ಮನುಷ್ಯ ಹುಟ್ಟಾ ಒಳ್ಳೆಯವನೋ ಕೆಟ್ಟವನೋ ಅಂತ ಮಠಗಳಲ್ಲಿ ಪ್ರವಚನ, ಕಾಲೇಜುಗಳಲ್ಲಿ ಚರ್ಚಾಸ್ಪರ್ಧೆ. ನಮಗೆ ನಗು ಬರುತ್ತೆ. ಈ ದೇಶದಲ್ಲಿ ಎಲ್ಲರಿಗೂ ಒಂದೇ ಮನುಷ್ಯ ಸ್ವಭಾವ ಯಾವಾಗ ಇತ್ತು ಸ್ವಾಮಿ? ಗೀತೆಯ ಹದಿನೆಂಟನೇ ಅಧ್ಯಾಯ ತೆಗೆದು ನೋಡಿ. ಸ್ವಭಾವದ ಹೆಸರಲ್ಲೇ ನಾಲ್ಕು ವರ್ಣಕ್ಕೆ ಕೆಲಸ ಹಂಚಿದೆ. ಶೂದ್ರನ ಸ್ವಭಾವ ಸೇವೆಯಂತೆ! ನಾವು ಆ ಹಂಚಿಕೆಯಲ್ಲೂ ಇಲ್ಲ. ಬ್ರಿಟಿಷರು ಇದನ್ನೇ ಕಾಯಿದೆ ಮಾಡಿದರು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಬುಡಕಟ್ಟುಗಳಿಗೆ ಬುಡಕಟ್ಟುಗಳನ್ನೇ ಕಳ್ಳರು ಅಂದಿತು. ಅದು ರದ್ದಾದದ್ದು 1952ರಲ್ಲಿ. ಪೊಲೀಸರ ತಲೆಯಿಂದಲೂ ರದ್ದಾಯಿತೇ ಅಂತ ಆ ಹಟ್ಟಿಗಳಲ್ಲಿ ಕೇಳಿ.

ಇನ್ನು ಮೆದು ಮಾತಿನವರು. ಸವರ್ಣೀಯರ ಹೃದಯ ಒಳ್ಳೆಯದೇ, ಪರಿವರ್ತನೆ ಆಗಬೇಕು ಅಷ್ಟೇ ಅಂತಾರೆ. ಇದು ಗಾಂಧಿಯವರ ದಾರಿ. 1932ರಲ್ಲಿ ಅವರ ಕಡೆಯವರು ಅಸ್ಪೃಶ್ಯತೆ ವಿರುದ್ಧ ಸಂಘ ಕಟ್ಟಿದಾಗ ಬಾಬಾಸಾಹೇಬರು ಪತ್ರ ಬರೆದು, ಮೊದಲು ಬಾವಿ, ಶಾಲೆ, ಚಾವಡಿಯ ಹಕ್ಕಿಗೆ ಹೋರಾಡಿ ಅಂದರು. ಸಂಘ ಆ ದಾರಿ ಹಿಡಿಯಲಿಲ್ಲ. ಒಳ್ಳೆಯವರನ್ನ ನಾವು ಕಂಡಿಲ್ಲವೇ? ಎತ್ತಿಗೆ ಕಾಯಿಲೆ ಬಂದರೆ ರಾತ್ರಿಯೆಲ್ಲಾ ಕೊಟ್ಟಿಗೇಲಿ ಕೂರೋ ಗೌಡ್ರು, ನಮ್ಮ ಮದುವೆಗೆ ರಾಗಿ ಕೊಡೋ ಗೌಡ್ರು. ಅದೇ ಕೈ ನಮ್ಮ ಬೊಗಸೆಗೆ ನೀರನ್ನ ಮೇಲಿಂದ ಹುಯ್ಯುತ್ತೆ. ಅವರು ನಾಟಕ ಆಡ್ತಿಲ್ಲ, ನಿಜಕ್ಕೂ ಒಳ್ಳೆಯವರೇ. ಭಯ ಆಗೋದು ಅದಕ್ಕೇ.

ನಮ್ಮ ಕೇರಿಯ ತಮ್ಮಂದಿರಿಗೂ ಒಂದು ಮಾತು. ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನ ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಇದನ್ನ ನೆನೆದು 'ಆ ಜಾತಿಯ ರಕ್ತವೇ ಅಂಥದ್ದು' ಅಂತ ಸಭೆಗಳಲ್ಲಿ ಕೂಗ್ತೀರಿ. ಆ ಸಂಕಟ ನಮಗೂ ಗೊತ್ತು. ಆದರೆ ರಕ್ತದ ಮಾತು ಮನುವಿನದು ಕಣ್ರಪ್ಪಾ! 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಬಾಬಾಸಾಹೇಬರು ಸುಟ್ಟದ್ದು ಅವನ ಪುಸ್ತಕವನ್ನೇ. ರಕ್ತವೇ ಕೆಟ್ಟದ್ದು ಅಂದರೆ ಬೆಂಕಿ ಇಟ್ಟವನ ಹೊಣೆ ಎಲ್ಲಿ ಉಳೀತು? ಹಾವನ್ನ ಯಾರಾದರೂ ಕೋರ್ಟಿಗೆ ಎಳೀತಾರಾ?

ಬುದ್ಧನ ಸಂಘದ ಕಥೆ ಕೇಳಿ. ಶಾಕ್ಯ ರಾಜಕುಮಾರರು ತಮ್ಮ ಕ್ಷೌರಿಕ ಉಪಾಲಿಗೇ ಮೊದಲು ದೀಕ್ಷೆ ಕೊಡಿ, ನಾವು ಅವನಿಗೆ ಕೈಮುಗಿಯುವಂತಾಗಲಿ, ನಮ್ಮ ಸೊಕ್ಕು ಮುರಿಯಲಿ ಅಂದರಂತೆ. ಮೊದಲು ದೀಕ್ಷೆ ಪಡೆದವನಿಗೆ ಆಮೇಲೆ ಬಂದವರು ಬಾಗಬೇಕು, ಅದು ಸಂಘದ ನಿಯಮ. ಎದೆಯೊಳಗೆ ಏನಿದೆ ಅಂತ ಯಾರೂ ಬಗೆದು ನೋಡಲಿಲ್ಲ.

1989ರ ದೌರ್ಜನ್ಯ ತಡೆ ಕಾಯಿದೆಗೆ 2015ರ ತಿದ್ದುಪಡಿಯಲ್ಲಿ ಸಾಕ್ಷಿಗಳ ರಕ್ಷಣೆ ಸೇರಿದೆ. ಕೂಲಿ ಕೊಡೋ ಧಣಿಯ ಎದುರು ಕಟಕಟೆ ಹತ್ತೋನಿಗೆ ಮಾರನೇ ದಿನದ ಕೂಲಿ ಯಾರು ಕೊಡ್ತಾರೆ, ಅವನ ಹೆಸರಿಗೆ ಎರಡೆಕರೆ ಯಾವಾಗ ಬರುತ್ತೆ? ಚರ್ಚಾಸ್ಪರ್ಧೆಗೆ ಇದನ್ನ ಇಡಿ, ನಾವೂ ಬರ್ತೀವಿ.