ಶಾಲೆಯಂಗಳದ ಹುಲ್ಲು ತೆಗೆಯುವವರು ಯಾರು?

ದಸರಾ ರಜೆ ಮುಗಿದು ನಮ್ಮೂರ ಸರಕಾರಿ ಶಾಲೆ ತೆರೆದಾಗ ಅಂಗಳದಲ್ಲಿ ಸೊಂಟದೆತ್ತರದ ಹುಲ್ಲು. ಶ್ರಮದಾನಕ್ಕೆ ಬನ್ನಿ ಎಂದು ಟೀಚರ್ ಚೀಟಿ ಕಳುಹಿಸಿದರು. ಕತ್ತಿ ಹಿಡಿದು ಬಂದವರಲ್ಲಿ ಹೆಚ್ಚಿನವರು ಉಮ್ಮಂದಿರೇ. ಗಲ್ಫಿನಲ್ಲಿರುವವರ ಮಾತು ಬಿಡಿ, ಊರಲ್ಲೇ ಇರುವ ನಾವು ಗಂಡಸರು ಎಲ್ಲಿದ್ದೆವು? ಮಸೀದಿಯ ಕೆಲಸಕ್ಕೆ ಕರೆದರೆ ಓಡಿ ಬರುವವರು ನಾವೇ ಅಲ್ವಾ?

ಒಳಗೆ ಪ್ರತಿಭಾ ಕಾರಂಜಿಯ ತಯಾರಿ ನಡೀತಾ ಉಂಟು. ಅರೇಬಿಕ್ ಧಾರ್ಮಿಕ ಪಠಣವೂ ಅದರಲ್ಲೊಂದು ಸ್ಪರ್ಧೆ ಅಂತ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಮದ್ರಸದಲ್ಲಿ ಚೆಂದ ಓದುವ ಮಗುವಿಗೆ ಉಸ್ತಾದರು ವಾರಕ್ಕೆರಡು ದಿನ ಹೇಳಿಕೊಟ್ಟರೆ ಸಾಕು. ಮನೆಯಲ್ಲಿ ಬ್ಯಾರಿ ಮಾತಾಡುವ ಅದೇ ಮಗು ಕನ್ನಡ ಕಥೆಯನ್ನೂ ತಡವರಿಸದೆ ಹೇಳ್ತದೆ. ಕಲಿಸಿದ ಟೀಚರಿಗೆ ಒಂದು ಒಳ್ಳೆ ಮಾತು ಹೇಳಿದವರುಂಟಾ?

ಹರೇಕಳ ಹಾಜಬ್ಬರು ಕಿತ್ತಳೆ ಮಾರಿ ಶಾಲೆ ಕಟ್ಟಿಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾದಾಗ ನಾವೆಲ್ಲ ಸ್ಟೇಟಸ್ ಹಾಕಿದೆವು. ನಮ್ಮೂರಲ್ಲಿ ಶಾಲೆ ಮೊದಲೇ ಉಂಟು, ಕಟ್ಟಿಸುವ ಕಷ್ಟವೂ ಇಲ್ಲ. ಮಕ್ಕಳು ಕಡಿಮೆಯಾದರೆ ಇರುವ ಟೀಚರನ್ನೂ ಬೇರೆ ಕಡೆಗೆ ಕಳಿಸ್ತಾರೆ, ಆಮೇಲೆ ಬೀಗವೇ.

ಬರುವ ಶನಿವಾರ ಮಧ್ಯಾಹ್ನ ಎಸ್‌ಡಿಎಂಸಿ ಸಭೆ. ಹಿಂಬದಿಯ ಹುಲ್ಲು ಇನ್ನೂ ಹಾಗೇ ಉಂಟು, ಬರುವಾಗ ಕತ್ತಿ ತನ್ನಿ.