ಗಾಳಿ ವಿದ್ಯುತ್‌ನಲ್ಲಿ ಹೂಡಿಕೆ: ಅವಕಾಶ ದೊಡ್ಡದು, ಪುಣೆಯ ಪಾಠ ಮರೆಯುವಂತಿಲ್ಲ

ಪುಣೆ: ಹಿಂಜವಾಡಿ ಐಟಿ ಪಾರ್ಕ್‌ನಲ್ಲಿ ಕೆಲಸ ಮಾಡುವ ಸಂಬಳದಾರರ ಪೈಕಿ ಮೊಬೈಲ್‌ನಲ್ಲೇ ಷೇರು ಕೊಳ್ಳುವವರು ಈಗ ಸಾಮಾನ್ಯ. ಅದೇ ಪುಣೆಯ ಇನ್ನೊಂದು ತುದಿ ಹಡಪ್ಸರ್‌ನಲ್ಲಿ ಗಾಳಿಯಂತ್ರ ತಯಾರಿಸುವ ಸುಜ್ಲಾನ್ ಕಂಪನಿಯ ಪ್ರಧಾನ ಕಚೇರಿ ಇದೆ. ಈ ವಲಯಕ್ಕೆ ಹಣ ಹಾಕುವ ಮುನ್ನ ಆ ಕಂಪನಿಯ ಕಥೆಯನ್ನು ಒಮ್ಮೆ ನೋಡುವುದು ಒಳಿತು.

ಅವಕಾಶ ಎಷ್ಟಿದೆ?

2025ರ ಮಾರ್ಚ್ ಅಂತ್ಯಕ್ಕೆ ದೇಶದ ಗಾಳಿ ವಿದ್ಯುತ್ ಸಾಮರ್ಥ್ಯ 50 ಗಿಗಾವ್ಯಾಟ್ ದಾಟಿದೆ. 2030ರ ವೇಳೆಗೆ ಇದನ್ನು 100 ಗಿಗಾವ್ಯಾಟ್‌ಗೆ ಏರಿಸುವುದು ಕೇಂದ್ರದ ಗುರಿ. 2024-25ರಲ್ಲಿ ಅತಿ ಹೆಚ್ಚು ಹೊಸ ಸಾಮರ್ಥ್ಯ ಸೇರಿಸಿದ ರಾಜ್ಯ ಕರ್ನಾಟಕ: 1,331 ಮೆಗಾವ್ಯಾಟ್. ಚಿತ್ರದುರ್ಗ, ಗದಗ, ಕೊಪ್ಪಳದ ಹೊಲಗಳ ನಡುವೆ ಏಳುತ್ತಿರುವ ಕಂಬಗಳೇ ಇದಕ್ಕೆ ಸಾಕ್ಷಿ. ವಿದೇಶಿ ಕಂಪನಿಗಳಿಗೂ ಈ ವಲಯದಲ್ಲಿ ಶೇ 100ರಷ್ಟು ನೇರ ಹೂಡಿಕೆಗೆ ಅವಕಾಶವಿದೆ.

ವಲಯ ಬೆಳೆಯಿತು, ಷೇರು ಬಿತ್ತು

ತುಳಸಿ ತಾಂತಿ 1995ರಲ್ಲಿ ಕಟ್ಟಿದ ಸುಜ್ಲಾನ್, 2005ರಲ್ಲಿ ಷೇರುಪೇಟೆಗೆ ಬಂತು. 2007ರಲ್ಲಿ ಜರ್ಮನಿಯ ಆರ್‌ಇಪವರ್ ಕಂಪನಿಯನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಆದರೆ 2008ರ ಜಾಗತಿಕ ಹಿಂಜರಿತದ ನಂತರ ಬೇಡಿಕೆ ಕುಸಿಯಿತು, ಸಾಲ ಮಾತ್ರ ಉಳಿಯಿತು. 2012ರಲ್ಲಿ 20 ಕೋಟಿ ಡಾಲರ್‌ಗೂ ಹೆಚ್ಚಿನ ವಿದೇಶಿ ಬಾಂಡ್ ಹಣ ಮರುಪಾವತಿಸಲು ಕಂಪನಿಗೆ ಆಗಲಿಲ್ಲ. 2015ರಲ್ಲಿ ಆ ಜರ್ಮನ್ ಕಂಪನಿಯನ್ನೇ ಮಾರಬೇಕಾಯಿತು.

ಈಗಿನ 2 ರೂಪಾಯಿ ಮುಖಬೆಲೆಯ ಲೆಕ್ಕದಲ್ಲಿ 2008ರ ಜನವರಿಯಲ್ಲಿ 400 ರೂ. ದಾಟಿದ್ದ ಷೇರು, 2020ರ ಮಾರ್ಚ್‌ನಲ್ಲಿ 2 ರೂ.ಗಿಂತ ಕೆಳಗಿತ್ತು. ಸಾಲ ತೀರಿಸಿ ಚೇತರಿಸಿಕೊಂಡ ಮೇಲೆ 2024ರ ಸೆಪ್ಟೆಂಬರ್‌ನಲ್ಲಿ 80 ರೂ. ದಾಟಿತು. ತಳದಲ್ಲಿ ಕೊಂಡವರಿಗೆ ಅದು ಲಾಟರಿ. 2008ರ ಏರಿಕೆಯಲ್ಲಿ ಕೊಂಡವರಿಗೆ ಮಾತ್ರ ಆಗಲೂ ಅಸಲು ಬರಲಿಲ್ಲ. ಇದೇ ಅವಧಿಯಲ್ಲಿ ದೇಶದ ಗಾಳಿ ವಿದ್ಯುತ್ ಸಾಮರ್ಥ್ಯ ಐದು ಪಟ್ಟಿಗೂ ಹೆಚ್ಚು ಬೆಳೆದಿದೆ! ಅಂದರೆ ವಲಯ ಬೆಳೆದ ಮಾತ್ರಕ್ಕೆ ಹೂಡಿಕೆದಾರರ ಹಣ ಬೆಳೆಯಬೇಕೆಂದಿಲ್ಲ.

ನೀತಿ ಬದಲಾದರೆ ಲೆಕ್ಕವೂ ಬದಲು

2017ರಲ್ಲಿ ಸರ್ಕಾರ ನಿಗದಿತ ದರ ಬಿಟ್ಟು ಹರಾಜು ಪದ್ಧತಿಗೆ ಹೊರಳಿತು. ಮೊದಲ ಹರಾಜಿನಲ್ಲಿ ಯೂನಿಟ್‌ಗೆ 3.46 ರೂ. ಇದ್ದ ದರ ಅದೇ ವರ್ಷದ ಕೊನೆಗೆ 2.43 ರೂ.ಗೆ ಇಳಿಯಿತು. ಗ್ರಾಹಕರಿಗೆ ಇದು ಒಳ್ಳೆಯ ಸುದ್ದಿ, ಉದ್ಯಮಕ್ಕೆ ಪೆಟ್ಟು. 2016-17ರಲ್ಲಿ ಸುಮಾರು 5,500 ಮೆಗಾವ್ಯಾಟ್ ಇದ್ದ ಹೊಸ ಸೇರ್ಪಡೆ ಮರುವರ್ಷ 1,800 ಮೆಗಾವ್ಯಾಟ್‌ಗಿಂತ ಕಡಿಮೆಯಾಯಿತು.

ಅಂಥದ್ದೇ ಇನ್ನೊಂದು ತಿರುವು ಈಗ ಬಂದಿದೆ. ಅಂತರರಾಜ್ಯ ವಿದ್ಯುತ್ ಪ್ರಸರಣ ಶುಲ್ಕದ ಪೂರ್ಣ ವಿನಾಯಿತಿ 2025ರ ಜೂನ್ 30ಕ್ಕೆ ಮುಗಿದಿದ್ದು, ನಂತರದ ಯೋಜನೆಗಳಿಗೆ ಶುಲ್ಕ ಹಂತ ಹಂತವಾಗಿ ಏರಲಿದೆ. ಹರಾಜು ಗೆದ್ದರೂ ಖರೀದಿ ಒಪ್ಪಂದಕ್ಕೆ ಸಹಿ ಬೀಳದೆ ಕಾಯುತ್ತಿರುವ ಯೋಜನೆಗಳೂ ಇವೆ. ಇನ್ನೊಂದೆಡೆ, ಗಾಳಿಯಂತ್ರಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಲ್ಲಿ ಶೇ 12ರಿಂದ ಶೇ 5ಕ್ಕೆ ಇಳಿದಿರುವುದು ಸಮಾಧಾನದ ಸಂಗತಿ.

ಯಾವ ಬಾಗಿಲು, ಯಾವ ಅಪಾಯ?

ಯಂತ್ರ ತಯಾರಕರ ಆದಾಯ ಹೊಸ ಆರ್ಡರ್‌ಗಳನ್ನು ಅವಲಂಬಿಸಿದ್ದು, ಏರಿಳಿತ ಹೆಚ್ಚು. 2024ರ ನವೆಂಬರ್‌ನಲ್ಲಿ ಷೇರುಪೇಟೆಗೆ ಬಂದ ಎನ್‌ಟಿಪಿಸಿ ಗ್ರೀನ್‌ನಂಥ ಉತ್ಪಾದಕರಿಗೆ ದೀರ್ಘಾವಧಿ ಒಪ್ಪಂದದ ಆಸರೆ ಇದೆ, ಆದರೆ ಬಡ್ಡಿದರ ಏರಿದರೆ ಲಾಭ ತೆಳುವಾಗುತ್ತದೆ. ಇರೆಡಾದಂಥ ಸಾಲದಾತ ಸಂಸ್ಥೆಗಳಿಗೆ ಸಾಲ ವಸೂಲಾತಿಯೇ ಪರೀಕ್ಷೆ.

ಹೀಗಾಗಿ ಕಂಪನಿಯ ಆರ್ಡರ್ ಪುಸ್ತಕದ ಗಾತ್ರವೊಂದನ್ನೇ ನೋಡಿದರೆ ಸಾಲದು. ಸಾಲ ಎಷ್ಟಿದೆ, ಆರ್ಡರ್ ಪೈಕಿ ನಿಜವಾಗಿ ನಿಂತ ಯಂತ್ರಗಳೆಷ್ಟು, ಉತ್ಪಾದನೆಯಾದ ವಿದ್ಯುತ್ ಸಾಗಿಸಲು ಲೈನ್ ಸಿದ್ಧವಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲಷ್ಟೇ ಷೇರಿನ ಬೆಲೆಯತ್ತ ನೋಡುವುದು ಸೂಕ್ತ.

(ಗಮನಿಸಿ: ಈ ಲೇಖನ ಮಾಹಿತಿಗಾಗಿ ಮಾತ್ರ, ಹೂಡಿಕೆ ಸಲಹೆಯಲ್ಲ.)